ಆರು ಲಕ್ಷದ ಭದ್ರತೆ: ಡಿ.ಡಿ.ಯೋ, ಎಫ್.ಡಿ.ಯೋ, ಬ್ಯಾಂಕ್ ಗ್ಯಾರಂಟಿಯೋ, ಶ್ಯೂರಿಟಿ ಬಾಂಡೋ?

ದೀಪಾವಳಿ ಮುಗಿದು ಮಣ್ಣು ಒಣಗುವ ಹೊತ್ತಿಗೆ ಶಿವಮೊಗ್ಗ ದುರ್ಗಿಗುಡಿಯ ನನ್ನ ಪುಟ್ಟ ಆಫೀಸಿಗೆ ಗುತ್ತಿಗೆದಾರರ ಓಡಾಟ ಹೆಚ್ಚುತ್ತದೆ. ಟೆಂಡರ್ ಆಗಿರುತ್ತದೆ, ಒಪ್ಪಿಗೆ ಪತ್ರ ಕೈಗೆ ಬಂದಿರುತ್ತದೆ. ಕರಾರಿಗೆ ಸಹಿ ಹಾಕುವ ಮೊದಲು ಭದ್ರತೆ ಕಟ್ಟಬೇಕು, ಅದಕ್ಕೆ ಇರುವುದು ಎಣಿಸಿದಷ್ಟು ದಿನ. ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳುವುದು ಒಂದೇ ಮಾತು: "ಡಿ.ಡಿ. ಕೊಟ್ಟು ಕೈ ತೊಳ್ಕೊಳ್ಳಾ, ಎಫ್.ಡಿ. ಇಡ್ಲಾ, ಬಿ.ಜಿ. ಮಾಡಿಸ್ಲಾ?" ಬಿ.ಜಿ. ಅಂದರೆ ಬ್ಯಾಂಕ್ ಗ್ಯಾರಂಟಿ, ಗುತ್ತಿಗೆದಾರನ ಪರವಾಗಿ ಇಷ್ಟು ಹಣಕ್ಕೆ ನಾವು ಜವಾಬು ಎಂದು ಬ್ಯಾಂಕು ಬರೆದುಕೊಡುವ ಕಾಗದ. ಈಗ ಎರಡು ಮೂರು ವರ್ಷದಿಂದ ಇನ್ನೊಂದು, ವಿಮಾ ಕಂಪನಿಯ ಶ್ಯೂರಿಟಿ ಬಾಂಡ್, ಸೇರಿಕೊಂಡಿದೆ: "ಇನ್ಶೂರೆನ್ಸ್‌ನೋರು ಬಾಂಡ್ ಕೊಡ್ತಾರಂತಲ್ಲ, ಅದು ಹೆಂಗೆ?"

ಕೇಳುವವರಿಗೆ ಬೇಕಾಗಿರುವುದು ಯಾವುದು ಅಗ್ಗ ಎಂಬ ಉತ್ತರ. ಗುತ್ತಿಗೆದಾರರ ಲೆಕ್ಕಪತ್ರ ನೋಡುತ್ತ ಹದಿನೆಂಟು ವರ್ಷ ಕಳೆದ ಮೇಲೆ ನಾನು ಮೊದಲು ನೋಡುವುದು ದರವನ್ನಲ್ಲ, ತಾರೀಖನ್ನು. ಹಣ ಎಷ್ಟು ದಿನ ಕಟ್ಟಿಬೀಳುತ್ತದೆ, ಯಾವ ದಿನದವರೆಗೆ ಎಳೆದುಕೊಳ್ಳುವ ಹಕ್ಕು ಯಾರ ಕೈಯಲ್ಲಿರುತ್ತದೆ, ಬಿಡಿಸಿಕೊಳ್ಳಲು ಯಾರ ಸಹಿ ಬೇಕು ಎಂಬ ಮೂರು ಸಂಗತಿ ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ. ನಮ್ಮ ಕಡೆ ಮಳೆ ಇದೆಯಲ್ಲ, ಅದು ಈ ಮೂರನ್ನೂ ಹಿಗ್ಗಿಸುತ್ತದೆ.

ಈ ಭದ್ರತೆ ಅಂದರೆ ಏನು

ಟೆಂಡರ್ ಹಾಕುವಾಗ ಕಟ್ಟುವ ಇ.ಎಂ.ಡಿ. (ಅರ್ನೆಸ್ಟ್ ಮನಿ ಡಿಪಾಸಿಟ್) ಬೇರೆ, ಇದು ಬೇರೆ. ಇ.ಎಂ.ಡಿ. ಇರುವುದು ಟೆಂಡರ್ ಗೆದ್ದವನು ಕರಾರಿಗೆ ಬಾರದೆ ಓಡಿಹೋಗದಿರಲಿ ಎಂದು. ಕರಾರಾದ ಮೇಲೆ ಕೆಲಸ ನಡುವೆ ಬಿಟ್ಟರೆ, ಕೆಟ್ಟದಾಗಿ ಮಾಡಿದರೆ ಮಾಲೀಕನ ನಷ್ಟಕ್ಕೆ ಒಂದು ಆಸರೆ ಇರಲಿ ಎಂದು ತೆಗೆದುಕೊಳ್ಳುವುದು ಕಾರ್ಯನಿರ್ವಹಣಾ ಭದ್ರತೆ. ನಮ್ಮ ಬಾಯಲ್ಲಿ ಅದು ಪರ್ಫಾರ್ಮೆನ್ಸ್ ಸೆಕ್ಯೂರಿಟಿ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದು ಕರಾರಿನ ಮೊತ್ತದ 5ರಿಂದ 10% ಎಂದಿತ್ತು. ಕೋವಿಡ್ ಬಂದು ಎಲ್ಲರ ಕೈ ಬರಿದಾದಾಗ, 2020ರ ನವೆಂಬರಿನಲ್ಲಿ, ತಾತ್ಕಾಲಿಕವಾಗಿ 3%ಗೆ ಇಳಿಸಿದರು. ನಮ್ಮ ರಾಜ್ಯದ ಕಾಮಗಾರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು 5%. ಅಂದಾಜಿಗಿಂತ ತೀರಾ ಕೆಳಗೆ ದರ ಹಾಕಿ ಗೆದ್ದವರಿಗೆ ಅದರ ಮೇಲೆ ಹೆಚ್ಚುವರಿ ಭದ್ರತೆಯೂ ಬೀಳುತ್ತದೆ. ಹದಿನೈದು ಇಪ್ಪತ್ತು ಪರ್ಸೆಂಟ್ ಬಿಲೋ ಹಾಕಿ ಬಂದು "ಇದನ್ನ ಯಾರೂ ಹೇಳ್ಲಿಲ್ವಲ್ಲ" ಎನ್ನುವವರನ್ನು ಪ್ರತಿ ವರ್ಷ ನೋಡುತ್ತೇನೆ. ಟೆಂಡರ್ ದಾಖಲೆಯಲ್ಲಿ ಅದು ಬರೆದೇ ಇರುತ್ತದೆ.

ಜಾಮೀನಿನ ಕಾಯಿದೆ ಹೊಸದಲ್ಲ. 1872ರ ಭಾರತೀಯ ಕರಾರು ಕಾಯಿದೆಯ 126ನೇ ಕಲಮಿನಲ್ಲಿ ಮೂವರಿದ್ದಾರೆ: ಕೆಲಸ ಮಾಡಬೇಕಾದವನು, ಅವನ ಪರವಾಗಿ ನಿಲ್ಲುವ ಜಾಮೀನುದಾರ, ಜಾಮೀನು ಪಡೆದವನು. 128ನೇ ಕಲಮಿನ ಪ್ರಕಾರ, ಬೇರೆ ಮಾತು ಬರೆದುಕೊಂಡಿರದಿದ್ದರೆ, ಜಾಮೀನುದಾರನ ಹೊಣೆ ಮೂಲದವನ ಹೊಣೆಯಷ್ಟೇ. ಊರಲ್ಲಿ ಸೊಸೈಟಿ ಸಾಲಕ್ಕೆ ಪಕ್ಕದ ತೋಟದವರು ಹಾಕುವ ಜಾಮೀನು ಸಹಿಗೂ ಬ್ಯಾಂಕು ಕೊಡುವ ಗ್ಯಾರಂಟಿಗೂ ಬೇರು ಒಂದೇ.

ಅಮೆರಿಕದ ಪದ್ಧತಿ ಓದಿ ಬಂದವರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಅಲ್ಲಿ 1935ರ ಮಿಲ್ಲರ್ ಕಾಯಿದೆಯಡಿ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಶ್ಯೂರಿಟಿ ಬಾಂಡ್ ಕಡ್ಡಾಯ, ಅದೂ ಸಾಮಾನ್ಯವಾಗಿ ಕರಾರಿನ ಪೂರ್ತಿ ಮೊತ್ತಕ್ಕೆ. ಗುತ್ತಿಗೆದಾರ ಕೈಬಿಟ್ಟರೆ ಶ್ಯೂರಿಟಿ ಕಂಪನಿ ಇನ್ನೊಬ್ಬ ಗುತ್ತಿಗೆದಾರನನ್ನು ತಂದು ಕೆಲಸ ಮುಗಿಸಿಕೊಡಬಹುದು. ನಮ್ಮಲ್ಲಿ ಬ್ಯಾಂಕು ಹಾರೆ ಪಿಕಾಸಿ ಹಿಡಿದು ಬರುವುದಿಲ್ಲ. ಬರೆದುಕೊಟ್ಟ ಐದು ಪರ್ಸೆಂಟ್ ಹಣ ಕೊಡುತ್ತದೆ, ಅಷ್ಟೇ. ಅರ್ಧಕ್ಕೆ ನಿಂತ ಸೇತುವೆ ಅರ್ಧಕ್ಕೇ ನಿಂತಿರುತ್ತದೆ.

ಲೆಕ್ಕಕ್ಕೆ ಒಂದು ಕಾಮಗಾರಿ

ಹೊಸನಗರ ತಾಲ್ಲೂಕಿನಲ್ಲೊಂದು ರಸ್ತೆ ಎಂದುಕೊಳ್ಳೋಣ, ಎರಡು ಮೋರಿ ಸೇರಿ ₹1.20 ಕೋಟಿ. ಭದ್ರತೆ 5%, ಅಂದರೆ ₹6 ಲಕ್ಷ. ಕೆಲಸಕ್ಕೆ 12 ತಿಂಗಳು, ದೋಷ ಹೊಣೆಗಾರಿಕೆ ಅವಧಿ (ಕೆಲಸ ಮುಗಿದ ಮೇಲೆ ದೋಷ ಕಂಡರೆ ಗುತ್ತಿಗೆದಾರನೇ ಸರಿಪಡಿಸಿಕೊಡಬೇಕಾದ ಕಾಲ) 24 ತಿಂಗಳು, ಅದರ ಮೇಲೆ 60 ದಿನ. ಈ 60 ದಿನ ಕೇಂದ್ರದ ನಿಯಮದಲ್ಲೇ ಇದೆ: ಎಲ್ಲ ಹೊಣೆ ಮುಗಿದ ಮೇಲೂ ಭದ್ರತೆ ಅಷ್ಟು ದಿನ ಜೀವಂತ ಇರಬೇಕು. ಒಟ್ಟು 38 ತಿಂಗಳು. ದರಗಳನ್ನು ನಾನೇ ಹಿಡಿದಿದ್ದೇನೆ, ನಿಮ್ಮ ಬ್ಯಾಂಕಿನದು ಹಾಕಿಕೊಂಡು ನೋಡಿ: ನಿಮ್ಮ ಓ.ಡಿ. (ಓವರ್‌ಡ್ರಾಫ್ಟ್ ಸಾಲ) ಬಡ್ಡಿ 11%, ಎಫ್.ಡಿ. ಬಡ್ಡಿ 6.5%, ಗ್ಯಾರಂಟಿ ಕಮಿಷನ್ ವರ್ಷಕ್ಕೆ 2%, ಕಮಿಷನ್ ಮೇಲೆ ಜಿ.ಎಸ್.ಟಿ. 18%. ಬಡ್ಡಿಗೆ ಚಕ್ರಬಡ್ಡಿ ಹಚ್ಚಿಲ್ಲ, ಸರಳವಾಗಿರಲಿ.

ಡಿ.ಡಿ. ಕೊಟ್ಟರೆ ಆ ಆರು ಲಕ್ಷಕ್ಕೆ ಬಡ್ಡಿಯೇ ಇಲ್ಲ. ಅದೇ ಹಣ ಓ.ಡಿ. ಖಾತೆಯಲ್ಲಿದ್ದಿದ್ದರೆ ವರ್ಷಕ್ಕೆ ₹66,000 ಬಡ್ಡಿ ಉಳಿಯುತ್ತಿತ್ತು. 38 ತಿಂಗಳಿಗೆ ₹2,09,000. ಕೊಟ್ಟು ಕೈ ತೊಳೆದುಕೊಳ್ಳುವುದರ ಬೆಲೆ ಇದು. ಭದ್ರತೆಯೇ ಲಕ್ಷದೊಳಗಿನ ಸಣ್ಣ ಕೆಲಸಗಳಿಗೆ ಬಿಟ್ಟರೆ ಡಿ.ಡಿ. ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ.

ಎಫ್.ಡಿ. ರಸೀದಿಯನ್ನು ಇಲಾಖೆಯ ಹೆಸರಿಗೆ ಪ್ಲೆಡ್ಜ್ ಮಾಡಿ ಕೊಟ್ಟರೆ ಬಡ್ಡಿ ನಿಮಗೇ ಬೆಳೆಯುತ್ತದೆ, 38 ತಿಂಗಳಿಗೆ ₹1,23,500. ಓ.ಡಿ. ಬಡ್ಡಿಯಲ್ಲಿ ಅದನ್ನು ಕಳೆದರೆ ನಿಮಗೆ ಬೀಳುವ ನಿಜವಾದ ಹೊರೆ ₹85,500.

ಈಗ ಬಿ.ಜಿ. ಇಲ್ಲೇ ಹೆಚ್ಚಿನವರು ಎಡವುವುದು. ಹೊಸ ಗುತ್ತಿಗೆದಾರನಿಗೆ ಬ್ಯಾಂಕು ಸುಮ್ಮನೆ ಗ್ಯಾರಂಟಿ ಬರೆದುಕೊಡುವುದಿಲ್ಲ, "ನೂರಕ್ಕೆ ನೂರು ಮಾರ್ಜಿನ್ ಇಡಿ" ಎನ್ನುತ್ತದೆ. ಅಂದರೆ ಆರು ಲಕ್ಷದ ಎಫ್.ಡಿ. ಅದೇ ಬ್ಯಾಂಕಲ್ಲಿ ಇಡಬೇಕು. ಎಫ್.ಡಿ.ಯ ಹೊರೆ ₹85,500 ಹಾಗೇ ಇರುತ್ತದೆ. ಮೇಲಿಂದ ಕಮಿಷನ್ನು ಜಿ.ಎಸ್.ಟಿ. ಸೇರಿ ವರ್ಷಕ್ಕೆ ₹14,160, ಅಂದರೆ 38 ತಿಂಗಳಿಗೆ ₹44,840. ಒಟ್ಟು ₹1,30,340, ಸ್ಟ್ಯಾಂಪ್ ಪೇಪರಿನ ಖರ್ಚು ಬೇರೆ. ನಿಮ್ಮದೇ ಆರು ಲಕ್ಷ ಬ್ಯಾಂಕಲ್ಲಿ ಇಟ್ಟು, ಅದೇ ಆರು ಲಕ್ಷಕ್ಕೆ ಬ್ಯಾಂಕು ಜವಾಬು ಹೇಳುತ್ತದೆ ಎಂದು ಬರೆಸಿಕೊಳ್ಳಲು ನಲವತ್ತೈದು ಸಾವಿರ ಕೊಟ್ಟ ಹಾಗಾಯಿತು. ಟೆಂಡರಿನಲ್ಲಿ ಎಫ್.ಡಿ. ನಡೆಯುತ್ತದೆ ಎಂದಿದ್ದರೂ ಹೀಗೆ ಬಿ.ಜಿ. ಮಾಡಿಸಿದವರಿದ್ದಾರೆ. ಕೇಳಿದರೆ "ಎಲ್ಲ ಅದೇ ಮಾಡ್ತಾರೆ" ಎಂಬ ಉತ್ತರ.

ಬ್ಯಾಂಕಲ್ಲಿ ಲಿಮಿಟ್, ಅಂದರೆ ಇಷ್ಟರವರೆಗೆ ಸಾಲವನ್ನೋ ಗ್ಯಾರಂಟಿಯನ್ನೋ ಕೊಡುತ್ತೇವೆ ಎಂಬ ಮಂಜೂರಾತಿ, ಇರುವವರ ಕಥೆ ಬೇರೆ. ಪೇಟೆಯಲ್ಲೊಂದು ಸೈಟೋ ಮನೆಯೋ ಅಡ ಇಟ್ಟು ಲಿಮಿಟ್ ಮಾಡಿಸಿಕೊಂಡು, 25% ಮಾರ್ಜಿನ್ನಿಗೆ ಗ್ಯಾರಂಟಿ ಸಿಕ್ಕಿದರೆ ಕಟ್ಟಿಬೀಳುವುದು ಒಂದೂವರೆ ಲಕ್ಷ ಮಾತ್ರ. ಅದರ ಹೊರೆ ₹21,375. ಕಮಿಷನ್ ಸೇರಿದರೆ ₹66,215. ಎಫ್.ಡಿ.ಗಿಂತ ಸುಮಾರು ಇಪ್ಪತ್ತು ಸಾವಿರ ಕಮ್ಮಿ. ಅದಕ್ಕಿಂತ ದೊಡ್ಡ ಲಾಭ, ಉಳಿದ ನಾಲ್ಕೂವರೆ ಲಕ್ಷ ಜಲ್ಲಿಗೂ ಡೀಸೆಲ್ಲಿಗೂ ಸಿಗುತ್ತದೆ. ವರ್ಷಕ್ಕೆ ನಾಲ್ಕೈದು ಕೆಲಸ ಹಿಡಿಯುವವರಿಗೆ ಇದೇ ದಾರಿ. ತೋಟವನ್ನು ಅಡ ಇಡಬಹುದೇ ಎಂದು ಕೇಳುತ್ತಾರೆ, ಅದರಲ್ಲೂ ಅಡಿಕೆ ಧಾರಣೆ ಏರಿದ ವರ್ಷ. ಕೃಷಿ ಜಮೀನಿನ ಮೇಲೆ ವ್ಯಾಪಾರದ ಲಿಮಿಟ್ ಕೊಡಲು ಬ್ಯಾಂಕುಗಳು ಮನಸ್ಸು ಮಾಡುವುದಿಲ್ಲ. ಅದರ ಆಸೆ ಇಟ್ಟುಕೊಂಡು ಟೆಂಡರ್ ಹಾಕಬೇಡಿ.

ಇನ್ನೊಂದು ಮಾತು. ಗ್ಯಾರಂಟಿ ಯಾವ ಬ್ಯಾಂಕಿನದಾಗಿರಬೇಕು ಎಂದು ಟೆಂಡರ್ ದಾಖಲೆ ಹೇಳಿರುತ್ತದೆ. ರಾಷ್ಟ್ರೀಕೃತ ಅಥವಾ ಷೆಡ್ಯೂಲ್ಡ್ ಬ್ಯಾಂಕು ಎಂದಿದ್ದರೆ, ನಿಮ್ಮೂರ ಪತ್ತಿನ ಸಹಕಾರ ಸಂಘದ ಕಾಗದ ಎಷ್ಟೇ ಸಾಚಾ ಆಗಿದ್ದರೂ ಟೇಬಲ್ ದಾಟುವುದಿಲ್ಲ.

ಬಿ.ಜಿ.ಯ ಒಳಗೆ ಏನು ಬರೆದಿರುತ್ತದೆ

ಗ್ಯಾರಂಟಿಯ ಒಕ್ಕಣೆ ಓದದೆ ಸಹಿ ಹಾಕುವವರೇ ಹೆಚ್ಚು, ಅದು ಇಲಾಖೆಯ ನಮೂನೆ, ಬದಲಾಯಿಸಲು ಬರುವುದಿಲ್ಲ ಎಂದು. ಬದಲಾಯಿಸಲು ಬಾರದಿದ್ದರೂ ಓದಬೇಕು.

ಮೊದಲನೆಯದು "ಕೇಳಿದ ಕೂಡಲೇ, ತಕರಾರಿಲ್ಲದೆ" ಎಂಬ ಮಾತು. ಇದಿದ್ದರೆ ಇಲಾಖೆ ಕಾಗದ ಕಳಿಸಿದ ತಕ್ಷಣ ಬ್ಯಾಂಕು ಕೊಡಲೇಬೇಕು. ಕೆಲಸ ನಿಂತಿದ್ದು ಯಾರ ತಪ್ಪಿನಿಂದ ಎಂದು ಬ್ಯಾಂಕು ವಿಚಾರಿಸುವುದಿಲ್ಲ. ಜಾಗ ಬಿಡಿಸಿಕೊಟ್ಟಿರಲಿಲ್ಲ, ಅರಣ್ಯ ಇಲಾಖೆಯ ಅನುಮತಿ ಬಂದಿರಲಿಲ್ಲ, ಬಿಲ್ ಆರು ತಿಂಗಳಿಂದ ಬಾಕಿ ಎಂಬ ನಿಮ್ಮ ಮಾತೆಲ್ಲ ನಿಜವೇ ಇರಬಹುದು, ಅದನ್ನು ಹೇಳುವ ಜಾಗ ಬ್ಯಾಂಕಿನ ಕೌಂಟರ್ ಅಲ್ಲ. ತಡೆಯಾಜ್ಞೆಗೆ ಕೋರ್ಟಿಗೆ ಹೋದರೂ ಕಷ್ಟ. ಉತ್ತರ ಪ್ರದೇಶ ಕೋಆಪರೇಟಿವ್ ಫೆಡರೇಷನ್ ಪ್ರಕರಣದಲ್ಲಿ 1987ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು, ಬ್ಯಾಂಕಿನ ಮಾತು ಬ್ಯಾಂಕಿನದು, ಕರಾರಿನ ಜಗಳ ಕರಾರಿನದು, ಎರಡನ್ನೂ ಕಲಸಬಾರದು ಎಂದು. ಘೋರ ವಂಚನೆ ಅಥವಾ ಮತ್ತೆ ತುಂಬಿಕೊಳ್ಳಲಾಗದಂಥ ಅನ್ಯಾಯ ತೋರಿಸಿದರೆ ಮಾತ್ರ ತಡೆ. "ಹಣ ಹೋಗುತ್ತದೆ, ಆಮೇಲೆ ದಾವೆ ಹಾಕಿದರೆ ಬರುತ್ತದೆ" ಎಂಬುದು ಆ ಅನ್ಯಾಯದ ಸಾಲಿಗೆ ಸೇರುವುದಿಲ್ಲ.

ಹಾಗಂತ ಒಕ್ಕಣೆಗೆ ಬೆಲೆಯೇ ಇಲ್ಲವೆಂದಲ್ಲ. 1999ರಲ್ಲಿ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಮತ್ತು ಬಿಹಾರ ಸರ್ಕಾರದ ಪ್ರಕರಣದಲ್ಲಿ ಗುತ್ತಿಗೆದಾರರೇ ಗೆದ್ದರು. ಅಲ್ಲಿನ ಗ್ಯಾರಂಟಿ ಬೇಷರತ್ತಾದದ್ದಾಗಿರಲಿಲ್ಲ, ಕರಾರಿನ ಷರತ್ತುಗಳಿಗೆ ಕಟ್ಟಿಹಾಕಿಕೊಂಡಿತ್ತು. ಅದೂ ಅಲ್ಲದೆ ಹಣ ಕೇಳುವ ಅಧಿಕಾರ ಮುಖ್ಯ ಇಂಜಿನಿಯರ್‌ಗೆ ಇತ್ತು, ಕೇಳಿದವರು ಕಾರ್ಯಪಾಲಕ ಇಂಜಿನಿಯರ್. ಯಾರ ಹುದ್ದೆಯ ಹೆಸರಿಗೆ ಬರೆದುಕೊಟ್ಟಿದ್ದೀರಿ ಎಂಬ ಒಂದು ಸಾಲು ಅಷ್ಟು ದೊಡ್ಡದು. ಹಾಗಾಗಿ ಒಕ್ಕಣೆಯ ಕರಡು ಬಂದ ದಿನ ನಾನು ಮೂರು ಜಾಗಕ್ಕೆ ಪೆನ್ಸಿಲ್ ಗುರುತು ಹಾಕುತ್ತೇನೆ: ಯಾರ ಹೆಸರಿಗೆ, ಎಷ್ಟಕ್ಕೆ, ಯಾವ ದಿನದವರೆಗೆ.

ದಿನಾಂಕ ಎರಡಿರುತ್ತವೆ. ಒಂದು ಗ್ಯಾರಂಟಿ ಮುಗಿಯುವ ದಿನ. ಇನ್ನೊಂದು, ಆ ಅವಧಿಯೊಳಗೆ ಹುಟ್ಟಿದ ಹಕ್ಕನ್ನು ಇಲಾಖೆ ಕೇಳಲು ಇರುವ ಕೊನೆಯ ದಿನ, ಅದನ್ನು ಕ್ಲೇಮ್ ಅವಧಿ ಎನ್ನುತ್ತಾರೆ. ಕರಾರು ಕಾಯಿದೆಯ 28ನೇ ಕಲಮಿಗೆ 2013ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಒಂದು ವರ್ಷದ ಮಾತಿದೆ. ಅದನ್ನು ಹಿಡಿದುಕೊಂಡು ಬಹಳ ಬ್ಯಾಂಕುಗಳು ಕ್ಲೇಮ್ ಅವಧಿ ಒಂದು ವರ್ಷ ಇರಲೇಬೇಕು ಎಂದು ಬರೆದು, ಆ ವರ್ಷದ ಕಮಿಷನ್ನನ್ನೂ ಹಾಕತೊಡಗಿದವು, ಮಾರ್ಜಿನ್ನನ್ನೂ ಹಿಡಿದುಕೊಂಡವು. 2021ರ ಜುಲೈನಲ್ಲಿ ದೆಹಲಿ ಹೈಕೋರ್ಟು ಎಲ್ ಅಂಡ್ ಟಿ ಕಂಪನಿಯ ಪ್ರಕರಣದಲ್ಲಿ ಆ ಕಲಮಿಗೆ ಅಂಥ ಅರ್ಥವಿಲ್ಲ, ಬ್ಯಾಂಕು ಹಾಗೆ ಒತ್ತಾಯ ಮಾಡುವಂತಿಲ್ಲ ಎಂದಿತು. ನಿಮ್ಮ ಬ್ಯಾಂಕಿನವರು ಕೇಳುವಾಗ ಈ ತೀರ್ಪನ್ನು ನೆನಪಿಸಿ ನೋಡಿ. ನಮ್ಮ ಲೆಕ್ಕದ 38 ತಿಂಗಳು 50 ಆದರೆ ಕಮಿಷನ್ ಒಂದೇ ₹14,160 ಏರುತ್ತದೆ.

ಮಳೆ ಮತ್ತು ತಾರೀಖು

ಆರಿದ್ರಾ ಮಳೆ ಹೊಯ್ದರೆ ದರಿದ್ರವಿಲ್ಲ ಎನ್ನುವುದು ರೈತರ ಗಾದೆ. ಗುತ್ತಿಗೆದಾರನಿಗೆ ಅದು ಉಲ್ಟಾ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಕರಾರಿನ ನಮೂನೆ ಎರಡಕ್ಕೂ ಒಂದೇ. ಹನ್ನೆರಡು ತಿಂಗಳು ಎಂದು ಬರೆದಿರುವ ಕೆಲಸದಲ್ಲಿ ಹುಲಿಕಲ್ಲು, ಮಾಸ್ತಿಕಟ್ಟೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೋಲರ್ ಹೊರಗೆ ಇಳಿಯುವುದಿಲ್ಲ. ಡಾಂಬರಿಗಂತೂ ಇನ್ನೂ ಕಾಯಬೇಕು.

ಕೆಲವು ವರ್ಷದ ಹಿಂದೆ ನಮ್ಮಲ್ಲಿಗೆ ಬರುವ ಗೌಡರೊಬ್ಬರಿಗೆ ಕಿರುಸೇತುವೆಯ ಕೆಲಸ ಸಿಕ್ಕಿತ್ತು. ಕಾರ್ಯಾದೇಶ ಬಂದಿದ್ದೇ ಫೆಬ್ರವರಿಯಲ್ಲಿ. ಅಡಿಪಾಯ ಎದ್ದು, ಗೋಡೆ ಎದೆಮಟ್ಟ ಬರುವಾಗ ಹಳ್ಳ ತುಂಬಿ ಹರಿಯಿತು. ಕೆಲಸ ನಿಂತಿತು, ಅವಧಿ ವಿಸ್ತರಣೆಗೆ ಅರ್ಜಿ ಕೊಟ್ಟರು, ವಿಸ್ತರಣೆಯೂ ಸಿಕ್ಕಿತು. ಎಲ್ಲರೂ ಮರೆತಿದ್ದು ಬಿ.ಜಿ.ಯನ್ನು. ಅದು ಹಳೆಯ ತಾರೀಖಿಗೇ ಮುಗಿಯುವುದರಲ್ಲಿತ್ತು. ಮುಗಿಯಲು ನಾಲ್ಕು ದಿನ ಇರುವಾಗ ಕಚೇರಿಯ ಲೆಕ್ಕ ಶಾಖೆಯಿಂದ ಬ್ಯಾಂಕಿಗೆ ಕಾಗದ ಹೋಯಿತು: ವಿಸ್ತರಿಸಿ, ಇಲ್ಲವಾದರೆ ಹಣ ಕಳಿಸಿ. ಗುತ್ತಿಗೆದಾರರಿಗೆ ಅದರ ಪ್ರತಿ ಬಂದಿದ್ದು ಆಮೇಲೆ. ಮ್ಯಾನೇಜರ್ ಫೋನ್ ಮಾಡಿದಾಗ ಗೌಡರು ತೋಟದಲ್ಲಿ ಔಷಧಿ ಹೊಡೆಸುತ್ತಿದ್ದರು. ನನ್ನ ಆಫೀಸಿಗೆ ಬಂದವರು ನೀರೂ ಕುಡಿಯದೆ, "ಏನ್ರೀ ಇದು, ಕೆಲಸ ನಾನು ನಿಲ್ಲಿಸಿದ್ನಾ? ಮಳೆ ನಿಲ್ಲಿಸಿದ್ದು. ದುಡ್ಡು ನನ್ನದ್ಯಾಕೆ ಹೋಗ್ಬೇಕು?" ಎಂದರು.

ಕಚೇರಿಯವರನ್ನು ದೂರುವಂತಿರಲಿಲ್ಲ. ಗ್ಯಾರಂಟಿ ಮುಗಿದುಹೋದರೆ ಆಡಿಟ್‌ನಲ್ಲಿ ಉತ್ತರಿಸಬೇಕಾದವರು ಅವರು. ನಮ್ಮ ಅದೃಷ್ಟ, ಅವಧಿ ವಿಸ್ತರಣೆಯ ಆದೇಶ ಕೈಯಲ್ಲಿತ್ತು. ಎರಡು ದಿನದಲ್ಲಿ ವಿಸ್ತರಣೆಯ ಕಾಗದ ಮಾಡಿಸಿ ಮುಟ್ಟಿಸಿದೆವು. ಅಂದಿನಿಂದ ನನ್ನ ಮೇಜಿನ ಕ್ಯಾಲೆಂಡರಿನಲ್ಲಿ ಪ್ರತಿ ಬಿ.ಜಿ.ಯ ಕೊನೆಯ ದಿನಕ್ಕೆ 45 ದಿನ ಮೊದಲು ಕೆಂಪು ಸುತ್ತು ಬೀಳುತ್ತದೆ. ಗೌಡರ ಮಗಳು ಅದನ್ನು ಮೊಬೈಲಿನಲ್ಲೇ ಹಾಕಿಕೊಟ್ಟಳು, ಆದರೂ ಕೆಂಪು ಪೆನ್ನಿನ ಅಭ್ಯಾಸ ನನಗೆ ಬಿಟ್ಟಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಜಾಮೀನುದಾರನ ಒಪ್ಪಿಗೆ ಇಲ್ಲದೆ ಮೂಲ ಕರಾರು ಬದಲಾದರೆ ಜಾಮೀನುದಾರ ಬಿಡುಗಡೆ ಎಂದು ಕರಾರು ಕಾಯಿದೆಯ 133ನೇ ಕಲಮು ಹೇಳುತ್ತದೆ, ಅವಧಿ ಕೊಟ್ಟರೂ ಹಾಗೇ ಎಂದು 135ನೇ ಕಲಮು. ಹಾಗಿದ್ದರೆ ಇಲಾಖೆ ಅವಧಿ ವಿಸ್ತರಿಸಿದ ಕೂಡಲೇ ಬ್ಯಾಂಕು ಪಾರಾಗಬೇಕಲ್ಲ? ಆಗುವುದಿಲ್ಲ. ಇಲಾಖೆಯ ನಮೂನೆಗಳಲ್ಲಿ "ಕರಾರಿನ ಬದಲಾವಣೆಯಿಂದ ನಮ್ಮ ಹೊಣೆ ತಪ್ಪುವುದಿಲ್ಲ, ನಮಗೆ ತಿಳಿಸಬೇಕಾಗಿಯೂ ಇಲ್ಲ" ಎಂಬ ಸಾಲನ್ನು ಬ್ಯಾಂಕಿನಿಂದ ಮೊದಲೇ ಬರೆಸಿಕೊಂಡಿರುತ್ತಾರೆ. ಕೆಲಸದ ಅವಧಿ ಬೆಳೆದರೆ ಬ್ಯಾಂಕಿನ ಹೊಣೆ ಅಳಿಯುವುದಿಲ್ಲ, ಗ್ಯಾರಂಟಿಯ ತಾರೀಖು ತಾನಾಗಿ ಬೆಳೆಯುವುದೂ ಇಲ್ಲ. ಅದನ್ನು ಬೆಳೆಸುವ ಕೆಲಸ ನಿಮ್ಮದು.

ಎಫ್.ಡಿ.ಗೆ ಈ ಕಾಟ ಇಲ್ಲ. ತಾನಾಗಿ ನವೀಕರಣವಾಗುವಂತೆ ಹಾಕಿಸಿದರೆ ತಾರೀಖಿನ ತಲೆಬಿಸಿಯೇ ಇಲ್ಲ. ಆದರೆ ಅದರದೇ ಕಾಟ ಇನ್ನೊಂದು ತುದಿಯಲ್ಲಿದೆ. ಬಿ.ಜಿ. ತನ್ನ ದಿನಕ್ಕೆ ತಾನೇ ಸಾಯುತ್ತದೆ. ಎಫ್.ಡಿ. ಬಿಡಿಸಲು ಯಾರಾದರೂ ಸಹಿ ಹಾಕಬೇಕು. ದೋಷ ಹೊಣೆಗಾರಿಕೆ ಮುಗಿಯುವಷ್ಟರಲ್ಲಿ ಆ ಕೆಲಸ ನೋಡಿದ ಎ.ಇ. (ಸಹಾಯಕ ಇಂಜಿನಿಯರ್) ವರ್ಗವಾಗಿರುತ್ತಾರೆ, ಕೆಲಸದ ಅಳತೆ ಬರೆಯುವ ಎಂ.ಬಿ. ಪುಸ್ತಕ ಇನ್ನೊಂದು ಉಪವಿಭಾಗದಲ್ಲಿರುತ್ತದೆ, ರಸೀದಿ ಯಾವ ಬೀರುವಿನಲ್ಲಿದೆ ಎಂದು ಹುಡುಕಲು ಒಂದು ತಿಂಗಳು. ಕೊಟ್ಟ ದಿನವೇ ರಸೀದಿಯ ಜೆರಾಕ್ಸಿನ ಮೇಲೆ ಸ್ವೀಕೃತಿ ಸಹಿ ಮತ್ತು ಸೀಲು ಹಾಕಿಸಿಕೊಳ್ಳಿ, ಕಡತದ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಿ.ಜಿ.ಯಲ್ಲೂ ಮೂಲ ಪ್ರತಿ ವಾಪಸ್ ತರದಿದ್ದರೆ ಮಾರ್ಜಿನ್ ಬಿಡಲು ಬ್ಯಾಂಕು ಮೀನಮೇಷ ಎಣಿಸುತ್ತದೆ.

ಕಾಗದದ ಬಿ.ಜಿ. ಬದಲು ಈಗ ಇ-ಬಿ.ಜಿ. ಇದೆ. 2022ರ ಸೆಪ್ಟೆಂಬರಿನಿಂದ ಎನ್.ಇ.ಎಸ್.ಎಲ್. ಎಂಬ ಸಂಸ್ಥೆಯ ವೇದಿಕೆಯಲ್ಲಿ ಬ್ಯಾಂಕುಗಳು ಕೊಡತೊಡಗಿವೆ. ಸ್ಟ್ಯಾಂಪು, ಸಹಿ, ಪರಿಶೀಲನೆ ಎಲ್ಲ ಅಲ್ಲೇ ಆಗುತ್ತದೆ, ಮೂಲ ಪ್ರತಿ ಕಳೆದುಹೋಯಿತು ಎಂಬ ಮಾತೇ ಇಲ್ಲ. ನಕಲಿ ಗ್ಯಾರಂಟಿಯ ಹಾವಳಿಗೂ ಅದು ಒಳ್ಳೆಯ ಮದ್ದು. ನಿಮ್ಮ ಬ್ಯಾಂಕೂ ಕಚೇರಿಯೂ ಒಪ್ಪಿದರೆ ಅದನ್ನೇ ಮಾಡಿಸಿ.

ಇನ್ಶೂರೆನ್ಸ್ ಕಂಪನಿಯ ಬಾಂಡ್

2022ರ ಫೆಬ್ರವರಿ 1ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಅವರು ಸರ್ಕಾರಿ ಖರೀದಿಯಲ್ಲಿ ಬ್ಯಾಂಕ್ ಗ್ಯಾರಂಟಿಯ ಬದಲು ಶ್ಯೂರಿಟಿ ಬಾಂಡ್ ನಡೆಯುತ್ತದೆ ಎಂದರು. ಮರುದಿನವೇ ಹಣಕಾಸು ಸಚಿವಾಲಯ ಕೇಂದ್ರದ ನಿಯಮದಲ್ಲಿ ಅದನ್ನು ಸೇರಿಸಿತು. ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿ ಅದೇ ಏಪ್ರಿಲ್ 1ರಿಂದ ಜಾರಿಗೆ ಬಂತು. ಡಿಸೆಂಬರ್ 19ಕ್ಕೆ ದೇಶದ ಮೊದಲ ಶ್ಯೂರಿಟಿ ಬಾಂಡ್ ವಿಮೆಯನ್ನು ನಿತಿನ್ ಗಡ್ಕರಿ ಬಿಡುಗಡೆ ಮಾಡಿದರು. ಬಾಂಡಿನ ಮೊತ್ತ ಕರಾರಿನ 30% ಮೀರಬಾರದು ಎಂಬ ಮಿತಿ ಮೊದಲಿತ್ತು, 2023ರ ಜನವರಿಯಲ್ಲಿ ಅದನ್ನೂ ತೆಗೆದರು.

ಇದರ ಆಕರ್ಷಣೆ ಒಂದೇ: ಮಾರ್ಜಿನ್ ಕಟ್ಟಿಹಾಕದೆ ಸಿಗುವ ಸಾಧ್ಯತೆ, ಬ್ಯಾಂಕಿನ ಲಿಮಿಟ್ ಉಳಿಯುತ್ತದೆ. ಪ್ರೀಮಿಯಂ 2.5% ಎಂದು ಹಿಡಿದರೂ ಜಿ.ಎಸ್.ಟಿ. ಸೇರಿ 38 ತಿಂಗಳಿಗೆ ₹56,050. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಅಗ್ಗ.

ಆದರೆ ಹೆಸರಲ್ಲಿ ವಿಮೆ ಇದೆ ಎಂದು ನಂಬಬೇಡಿ. ಲಾರಿಗೆ ವಿಮೆ ಮಾಡಿಸಿ ಅಪಘಾತವಾದರೆ ಕಂಪನಿ ನಷ್ಟ ತುಂಬಿ ಸುಮ್ಮನಾಗುತ್ತದೆ. ಶ್ಯೂರಿಟಿಯಲ್ಲಿ ಕಂಪನಿ ಇಲಾಖೆಗೆ ಹಣ ಕೊಟ್ಟು, ಆ ಹಣಕ್ಕೆ ನಿಮ್ಮ ಬೆನ್ನು ಬೀಳುತ್ತದೆ. ಹಾಗೆಂದು ಮೊದಲೇ ನಷ್ಟಭರ್ತಿ ಪತ್ರಕ್ಕೆ ಸಹಿ ಹಾಕಿಸಿಕೊಂಡಿರುತ್ತದೆ, ಪಾಲುದಾರರ ವೈಯಕ್ತಿಕ ಜಾಮೀನನ್ನೂ ಕೇಳಬಹುದು. ಪ್ರೀಮಿಯಂ ಕಟ್ಟಿದ್ದು ನೀವು, ರಕ್ಷಣೆ ಸಿಕ್ಕಿದ್ದು ಇಲಾಖೆಗೆ. ಬಾಂಡ್ ಕೊಡುವ ಮೊದಲು ಮೂರು ವರ್ಷದ ಆಡಿಟ್ ಆದ ಬ್ಯಾಲೆನ್ಸ್ ಶೀಟು, ಕೈಯಲ್ಲಿರುವ ಕೆಲಸಗಳ ಪಟ್ಟಿ, ಹಿಂದೆ ಮುಗಿಸಿದ ಕೆಲಸದ ಪ್ರಮಾಣಪತ್ರ ಎಲ್ಲ ಜಾಲಾಡುತ್ತಾರೆ. ಸಾಗರ, ಸೊರಬ ಕಡೆಯ ಕೋಟಿ ಆಸುಪಾಸಿನ ಗುತ್ತಿಗೆದಾರರಿಗೆ ಅದು ಕೈಗೆಟುಕಿದ್ದನ್ನು ನಾನು ಹೆಚ್ಚು ಕಂಡಿಲ್ಲ. 2025ರ ಜುಲೈನಲ್ಲಿ ಉದ್ಘಾಟನೆಯಾದ ಸಿಗಂದೂರು ಸೇತುವೆಯಷ್ಟು ದೊಡ್ಡ ಕೆಲಸ ಹಿಡಿಯುವ ಕಂಪನಿಗಳಿಗೆ ಇದು ಹೇಳಿ ಮಾಡಿಸಿದ್ದು, ಅಲ್ಲಿ ಭದ್ರತೆಯೇ ಕೋಟಿಗಳ ಲೆಕ್ಕದಲ್ಲಿರುತ್ತದೆ. ಕೇಂದ್ರದ ನಿಯಮದಲ್ಲಿದೆ ಎಂದ ಮಾತ್ರಕ್ಕೆ ನಮ್ಮ ಪಂಚಾಯತಿಯೋ ನಗರಸಭೆಯೋ ತೆಗೆದುಕೊಳ್ಳುತ್ತದೆ ಎಂದಲ್ಲ. ಟೆಂಡರಿನ ಭದ್ರತೆಯ ಕಲಮಿನಲ್ಲಿ ಆ ಹೆಸರು ಇದ್ದರೆ ಮಾತ್ರ ಕಂಪನಿಗೆ ಫೋನ್ ಮಾಡಿ.

ಬಿಲ್ಲಿನಲ್ಲೇ ಹಿಡಿದುಕೊಳ್ಳುವ ಭದ್ರತಾ ಠೇವಣಿ, ಅಂದರೆ ಎಫ್.ಎಸ್.ಡಿ., ನೀವು ಆರಿಸಿಕೊಳ್ಳುವಂಥದ್ದಲ್ಲ, ಕರಾರಿನಲ್ಲಿದ್ದರೆ ಕಡಿತವಾಗಿಯೇ ಆಗುತ್ತದೆ. ಮೊದಲೇ ಹಣ ಹೊಂದಿಸಬೇಕಿಲ್ಲ ಎಂಬುದು ಸಮಾಧಾನ. ಒಂದು ಕೆಲಸ ಮಾಡಬಹುದು: ಹಿಡಿದ ಹಣಕ್ಕೆ ಸಮನಾದ ಬಿ.ಜಿ. ಕೊಟ್ಟು ನಗದು ಬಿಡಿಸಿಕೊಳ್ಳಲು ಕರಾರಿನಲ್ಲಿ ಅವಕಾಶ ಇದೆಯೇ ನೋಡಿ. ಇದ್ದು, ನಿಮಗೆ ಲಿಮಿಟ್ಟೂ ಇದ್ದರೆ ಬಿಡಬೇಡಿ.

ನನ್ನನ್ನು ಕೇಳಿದರೆ, ವರ್ಷಕ್ಕೆ ಒಂದೆರಡು ಕೆಲಸ ಹಿಡಿಯುವವರು, ಲಿಮಿಟ್ ಇಲ್ಲದವರು, ಎಫ್.ಡಿ.ಗೆ ಅವಕಾಶವಿದ್ದರೆ ಎಫ್.ಡಿ.ಯನ್ನೇ ಕೊಡಲಿ. ಬಿಡಿಸಿಕೊಳ್ಳುವ ಓಡಾಟಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಲಿ. ನಾಲ್ಕು ಕೆಲಸ ದಾಟಿದವರು ಒಂದು ವರ್ಷ ಕಷ್ಟಪಟ್ಟಾದರೂ ಲಿಮಿಟ್ ಮಾಡಿಸಿಕೊಂಡು ಬಿ.ಜಿ.ಗೆ ಹೋಗಲಿ. ಹೆಂಡತಿಯ ಬಂಗಾರ ಅಡ ಇಟ್ಟು ನೂರಕ್ಕೆ ನೂರು ಮಾರ್ಜಿನ್ನಿನ ಬಿ.ಜಿ. ಮಾಡಿಸುವುದು ಮಾತ್ರ ಯಾರಿಗೂ ಬೇಡ. ಅಲ್ಲಿ ಬಡ್ಡಿಯೂ ಕಮಿಷನ್ನೂ ಎರಡೂ ಕಡೆಯಿಂದ ತಿನ್ನುತ್ತವೆ.

ಮನೆ ಕಟ್ಟಿಸುವವರಿಗೆ

ತೀರ್ಥಹಳ್ಳಿಯಲ್ಲೋ ಕೊಪ್ಪದಲ್ಲೋ ನಲವತ್ತು ಲಕ್ಷದ ಮನೆ ಕಟ್ಟಿಸುವವರು ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ, ಆಚೆ ಬದಿಯಿಂದ. ಮೇಸ್ತ್ರಿಯ ಹತ್ತಿರ ಬಿ.ಜಿ. ಕೇಳಿದರೆ ಅವನು ನಕ್ಕು ಪಕ್ಕದ ಊರಿನ ಕೆಲಸಕ್ಕೆ ಹೋಗುತ್ತಾನೆ. ನಿಮಗೆ ಉಳಿದಿರುವುದು ಹಿಡಿದಿಟ್ಟುಕೊಳ್ಳುವ ಹಣ. ಪ್ರತಿ ಹಂತದ ಬಿಲ್ಲಿನಲ್ಲಿ 5% ಹಿಡಿಯಿರಿ, ಹಿಡಿಯುತ್ತೇನೆಂದು ಮೊದಲೇ ಬರೆದುಕೊಳ್ಳಿ. ಮುಂಗಡ ಕೊಟ್ಟು ಭದ್ರತೆ ಹಿಡಿಯುವುದಕ್ಕೆ ಅರ್ಥವಿಲ್ಲ, ಆಗಿರುವ ಕೆಲಸಕ್ಕಿಂತ ಹಣ ಮುಂದೆ ಹೋಗದಂತೆ ನೋಡಿಕೊಂಡರೆ ಅದೇ ದೊಡ್ಡ ಭದ್ರತೆ.

ಹಿಡಿದ ಹಣವನ್ನು ನುಂಗಲು ಮಾತ್ರ ಹೋಗಬೇಡಿ. ಸರ್ಕಾರಕ್ಕೇ ಅದು ದಕ್ಕಿಲ್ಲ. ಮೌಲಾ ಬಕ್ಷ್ ಎಂಬ ಗುತ್ತಿಗೆದಾರರು ಸೇನೆಗೆ ಆಲೂಗೆಡ್ಡೆ, ಕೋಳಿ, ಮೊಟ್ಟೆ ಪೂರೈಸುವ ಕರಾರಿಗೆ ₹10,000 ಮತ್ತು ₹8,500 ಠೇವಣಿ ಇಟ್ಟಿದ್ದರು. ಸರಿಯಾಗಿ ಪೂರೈಸಲಿಲ್ಲವೆಂದು ಸರ್ಕಾರ ಎರಡನ್ನೂ ಮುಟ್ಟುಗೋಲು ಹಾಕಿಕೊಂಡಿತು. 1969ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಆಗಿರುವ ನಷ್ಟವನ್ನು ಲೆಕ್ಕ ಹಾಕಿ ತೋರಿಸಲು ಸಾಧ್ಯವಿರುವಾಗ ತೋರಿಸಬೇಕು, ಸುಮ್ಮನೆ ಠೇವಣಿ ಇಟ್ಟುಕೊಳ್ಳುವಂತಿಲ್ಲ. ಸೋರುವ ತಾರಸಿ ಸರಿ ಮಾಡಿಸಲು ಬೇರೆಯವರಿಗೆ ಕೊಟ್ಟ ಹಣದ ರಸೀದಿ ನಿಮ್ಮ ಹತ್ತಿರ ಇರಲಿ, ಫೋಟೋ ಇರಲಿ.

ಯಾವಾಗ ಬಿಡಬೇಕು ಎಂಬುದಕ್ಕೆ ಮೇಸ್ತ್ರಿಗಳು "ಆರು ತಿಂಗಳು" ಎಂದು ಬರೆಸಲು ನೋಡುತ್ತಾರೆ. ನವೆಂಬರಿನಲ್ಲಿ ಗೃಹಪ್ರವೇಶ ಮಾಡಿದರೆ ಆರು ತಿಂಗಳಿಗೆ ಮೇ ಬರುತ್ತದೆ, ಮಳೆಗಾಲ ಅಷ್ಟರಲ್ಲಿ ಶುರುವೇ ಆಗಿರುವುದಿಲ್ಲ. ಹಂಚಿನ ಸಂದಿ, ತಾರಸಿಯ ಮೂಲೆ, ಪಡುವಣ ಗೋಡೆಯ ಗಿಲಾವು, ಕಿಟಕಿಯ ಕೆಳಗಿನ ಪಟ್ಟಿ ಯಾವುದೂ ಪರೀಕ್ಷೆಗೆ ಬಿದ್ದಿರುವುದಿಲ್ಲ. ನಾನು ಬರೆದುಕೊಡುವ ಕರಾರುಗಳಲ್ಲಿ ತಿಂಗಳ ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇನೆ. ಅಲ್ಲಿರುವ ಸಾಲು ಇಷ್ಟು: "ಕೆಲಸ ಪೂರ್ತಿಯಾದ ನಂತರ ಬರುವ ಮೊದಲ ಮಳೆಗಾಲ ಕಳೆದು, ಅಕ್ಟೋಬರ್ 15ರಂದು ಇಬ್ಬರೂ ಕೂಡಿ ಮನೆ ನೋಡಿ, ಸೋರಿಕೆ ಇಲ್ಲದಿದ್ದರೆ ದೀಪಾವಳಿಯೊಳಗೆ ಹಿಡಿದ ಹಣ ಪೂರ್ತಿ ಕೊಡತಕ್ಕದ್ದು." ಹಬ್ಬದ ಮುಂದೆ ಹಣ ಬರುತ್ತದೆ ಎಂದಾಗ ಮೇಸ್ತ್ರಿಯೂ ತಕರಾರಿಲ್ಲದೆ ಸಹಿ ಹಾಕುತ್ತಾನೆ.